ಎಂಬತ್ತನೆಯ ದಿನ

ಗಂಡಾದರೆ ನಲವತ್ತು, ಹೆಣ್ಣಾದರೆ ಎಂಬತ್ತು ದಿನ.
ಆಮೇಲೆಯೇ ಜ್ಞಾನಸ್ನಾನ, ಇಗರ್ಜಿಯ ಹೆಸರು.
ವುಬಾಲೆಮ್‌ಳ ಮಗಳು
ಎಪ್ಪತ್ತೊಂದಕ್ಕೇ ಹೋದಳು.

ಉಳಿದದ್ದು ಒಂಬತ್ತು. ಮಡಿಸುತ್ತ ಎಣಿಸಿದರೆ
ಒಂದು ಬೆರಳು ನೆಟ್ಟಗೆ ನಿಲ್ಲುತ್ತದೆ.

ಇವತ್ತು ಎಂಬತ್ತು.
ಗೊಂಡರಿನ ದಿಣ್ಣೆ ಹತ್ತಿ ಹೋದೆ,
ಆಡುವ ಮಾತು ದಾರಿಯುದ್ದ ಹುಡುಕಿ, ಸಿಗದೆ,
ಒಂದಿಷ್ಟು ಹುರಿದ ಜವೆಗೋಧಿ ಕಟ್ಟಿಕೊಂಡು.
ಧರ್ಮತಾಯಿ ನಾನೇ ಆಗಬೇಕಿತ್ತು;
ಕೊರಳಿಗೆ ಕಟ್ಟುವ ನೀಲಿ ದಾರ
ಇನ್ನೂ ನನ್ನ ಚೀಲದ ತಳದಲ್ಲಿದೆ.

ಬಿಳಿ ಶಾಲಿನ ಬಣ್ಣದಂಚು ಮುಖದ ಬಳಿ ಬರುವಂತೆ
ಸೂತಕದ ಹೊದಿಕೆ ಹೊದ್ದು ಕೂತಿದ್ದಳು.
ಪಾದ್ರಿ ಬಂದಿದ್ದರಂತೆ,
ದೇವರ ಮನೆಯಲ್ಲಿ ಲೆಕ್ಕ ತಪ್ಪುವುದಿಲ್ಲ ಎಂದರಂತೆ.
"ಹಾಗಾದರೆ ಆ ಒಂಬತ್ತು ಯಾರ ಹತ್ತಿರ ಇದೆ?"
ಕೇಳಿದಳು, ಕಾಫಿಬೀಜ ಹುರಿಯುತ್ತ,
ಬಾಣಲೆಯಿಂದ ಕಣ್ಣೆತ್ತದೆ.
ಗಬ್ರಿಯೇಲನ ಹಬ್ಬಕ್ಕೆ ಒಂದು ತಿಂಗಳೂ ತಪ್ಪದವಳು ನಾನು.
ಅವನ ಪರವಾಗಿ
ಒಂದು ಮಾತೂ ನಾಲಗೆಗೆ ಬರಲಿಲ್ಲ.

ಮೊದಲ ಸುತ್ತು, ಕಡುಗಪ್ಪು.
ಎರಡನೆಯದು ತಿಳಿ.
ಮೂರನೆಯದರ ಹೆಸರೇ ಬರಕ, ಆಶೀರ್ವಾದ;
ಅದನ್ನು ಕುಡಿಯದೆ ಎದ್ದು ಹೋಗಬಾರದು.
ಹೂಜಿ ಬಗ್ಗಿಸಿದವಳು ತಡೆದಳು.
"ಇದು ಬೇಡ."
ಸರಿ, ಅಂದೆ.

ಏಳಲಿಲ್ಲ ಮಾತ್ರ.
ಕೆಂಡ ಬೂದಿಯಾಯಿತು. ಕೋಳಿಯೊಂದು ಒಳಬಂದು
ಚೆಲ್ಲಿದ ಜವೆ ಹೆಕ್ಕಿತು.
ಸಂಜೆಯ ಗಂಟೆಗೆ, ಅಭ್ಯಾಸಬಲ,
ಇಬ್ಬರ ಕೈಯೂ ಹಣೆಗೆ ಹೋಯಿತು.
ಅವಳದು ಅಲ್ಲೇ ನಿಂತಿತು, ಎದೆಗಿಳಿಯದೆ,
ಬಿಸಿಲಿಗೆ ಮರೆ ಹಿಡಿದ ಹಾಗೆ.

ನನ್ನದನ್ನೂ ನಿಲ್ಲಿಸಿಕೊಂಡೆ.