ಹಾಜರಿ

ಕೈರೋದಲ್ಲಿ ಮೂರು ವರ್ಷ ರಾಯಭಾರಿಯಾಗಿದ್ದು
ಅಮ್ಮತ್ತಿಯ ತೋಟಕ್ಕೆ ಮರಳಿದ ಕುಂಜಲಂಡ ಚಿಣ್ಣಪ್ಪ ಸಾಹೇಬರು
ಪೆಟ್ಟಿಗೆಯಿಂದ ಮೊದಲು ತೆಗೆದದ್ದು ಒಂದು ಫೋಟೋ:
ನಾಲ್ಕು ಸಾವಿರ ವರ್ಷ ಹಿಂದಿನ ಯಾವನೋ ಮಂತ್ರಿಯ ಗೋರಿ.
‘ನೋಡಿ ರೈಟ್ರೇ, ಸತ್ತವನ ಹಾಗೆ ಇದ್ದಾನಾ?’

ಇರಲಿಲ್ಲ. ಬಾಗಿಲೆತ್ತರ ನಿಂತಿದ್ದ, ಕೋಲು ಹಿಡಿದು.
ಹೆಂಡತಿ ಅವನ ಮೊಣಕಾಲಿನಷ್ಟು. ಕುರ್ಚಿಯಡಿ ನಾಯಿ.
ಎದುರಿಗೆ ಗೇಣುದ್ದದ ಜನ, ಬಾತು ಹಿಡಿದವರು, ಗೋಧಿ ಕೊಯ್ಯುವವರು,
ಕರು ಹೊತ್ತು ಹೊಳೆ ದಾಟುವವನೊಬ್ಬ.
ಮೂಲೆಯಲ್ಲಿ, ಕಿವಿಗೆ ಲೇಖನಿ ಸಿಕ್ಕಿಸಿ
ಮೂಟೆ ಎಣಿಸುತ್ತ ಕೂತವನ ಕಂಡು
ನನ್ನ ಕೈ ತಾನಾಗಿ ಕಿವಿಗೆ ಹೋಯಿತು.
ಪೆನ್ಸಿಲ್ ಅಲ್ಲೇ ಇತ್ತು.

ಕಾರ್ಕಳದ ಶಿಲ್ಪಿ ಬಂದ. ಎರಡು ಮಳೆಗಾಲ
ಹಳೇ ಪಲ್ಪರ್ ಶೆಡ್ಡಿನಲ್ಲಿ ಉಳಿಯ ಸದ್ದು.
ಕರಿಕಲ್ಲಿನಲ್ಲಿ ಸಾಹೇಬರು ಕುಪ್ಯ ತೊಟ್ಟು ಎದ್ದರು,
ಸೊಂಟದಲ್ಲಿ ಪೀಚೆಕತ್ತಿ, ಕಾಲಬುಡದಲ್ಲಿ
ಎರಡು ವರ್ಷದ ಹಿಂದೆ ಚಿರತೆ ಒಯ್ದ ನಾಯಿ.
ಮುಂದೆ ರೊಬಸ್ಟಾ ಹಣ್ಣಾಯಿತು. ಬಳ್ಳಿ ತುಂಬ ಮೆಣಸು.
ಹನ್ನೆರಡು ಆಳು, ಹನ್ನೆರಡಕ್ಕೂ ಒಂದೇ ಮುಖ.
‘ಬೇರೆ ಬೇರೆ ಮುಖಕ್ಕೆ ಕೂಲಿ ಗಿಟ್ಟೋದಿಲ್ಲ,’ ಅಂದ ಶಿಲ್ಪಿ,
‘ಹೆಸರು ಬೇಕಾದ್ರೆ ಹೇಳಿ, ತಲೆ ಮೇಲೆ ಬರೀತೇನೆ.’
ಚೆಕ್‌ರೋಲ್ ಬಿಚ್ಚಿ ಓದಿದೆ:
ಚುಬ್ರ. ತೋಲ. ಬೊಳಕಿ. ಮುದ್ದಿ. ಮುದ್ದಿಯ ಮಗಳು ಪಾಲಿ...
ಹನ್ನೆರಡು ಮುಗಿದ ಮೇಲೂ ಬಾಯಿ ನಿಲ್ಲಲಿಲ್ಲ.
ಪೂವಣಿ, ಅಂದೆ, ಮೆಲ್ಲಗೆ.
ಮೂಲೆಯಲ್ಲಿ ಜಾಗ ಇತ್ತು.

ಜನವರಿ, ಕೊಯ್ಲಿನ ನಡುಮಧ್ಯೆ, ಸಾಹೇಬರು ಹೋದರು.
ಆಕಾಶಕ್ಕೆ ಎರಡು ಗುಂಡು. ಬೆಟ್ಟದಾಚೆಯವರೂ ಬಂದರು.

ಲೈನ್ ಮನೆಯವರು ಬಂದದ್ದು ಆಮೇಲೆ, ರಜೆಯ ದಿನ.
ಬೊಳಕಿ ಕಲ್ಲಿನ ಬೊಳಕಿಯ ಮೇಲೆ ಬೆರಳಾಡಿಸಿದಳು.
‘ಕುಕ್ಕೆ ಬಲಕ್ಕೆ ಕಟ್ಟವ್ನೆ. ನಾನು ಎಡಕ್ಕೆ.’
ಸ್ವಲ್ಪ ಹೊತ್ತು ಬಿಟ್ಟು:
‘ಇಲ್ಲಿ ಕೊಯ್ಲು ಯಾವತ್ತು ಮುಗೀತದೆ?’

ಮುಗಿಯೋದಿಲ್ಲ, ಅಂದೆ. ಅದಕ್ಕೇ ಕೆತ್ತಿಸಿದ್ದು.

‘ಹಂಗಾರೆ ಬರ್ಕೋ,’ ಅಂದಳು, ನಗದೆ.
‘ಭಾನುವಾರಾನೂ ಸೇರ್ಸು.’

ಬರೆಯುತ್ತಿದ್ದೇನೆ. ಬೇರೆ ಪುಸ್ತಕ, ಕೆಂಪು ರಟ್ಟಿನದು.
ದಿನಕ್ಕೆ ಹನ್ನೆರಡು ಹಾಜರಿ, ಮಳೆ ಇರಲಿ, ಬಂದ್ ಇರಲಿ.
ಬೊಳಕಿ ಹೋದ ವರ್ಷ ತೀರಿಕೊಂಡಳು,
ಅವಳ ಸಾಲಿನಲ್ಲಿ ಒಂದು ದಿನವೂ ಗೈರಿಲ್ಲ.
ಬಾಕಿ ಎಷ್ಟಾಯಿತೆಂದು ಹೊಸ ಧಣಿಗೆ ಇನ್ನೂ ಹೇಳಿಲ್ಲ.

ಹದಿಮೂರನೆಯ ಹೆಸರಿನ ಮುಂದೆ ಮಾತ್ರ
ಏನು ಹಾಕಬೇಕೋ ತಿಳಿಯದೆ
ಮನೆ ಖಾಲಿ ಬಿಟ್ಟಿದ್ದೇನೆ.