ಹದಿನೇಳನೇ ನಂಬರು

ಗಾಡಿಯ ಕೆಳಗೆ ಮಲಗಿದ ಮೇಲೆ
ಎಡ ಯಾವುದು, ಬಲ ಯಾವುದು, ಮರೆತೇಹೋಯಿತು.
ಬೆನ್ನಡಿಗೆ ಆಲೂಗಡ್ಡೆಯ ಖಾಲಿ ಚೀಲ,
ಎಪಿಎಂಸಿಯ ಮಣ್ಣು ಇನ್ನೂ ಅದರ ನೂಲಿನಲ್ಲಿದೆ.
ಮೂಗಿನಿಂದ ಗೇಣು ಮೇಲೆ
ಹದಿನಾಲ್ಕು ವರ್ಷದ ಆಲ್ಟೋದ ಹೊಟ್ಟೆ.

"ಬೋಲ್ಟಿನ ಮುಖ ನೋಡಿ ಮೇಡಂ, ನಿಮ್ಮ ಮುಖ ಅಲ್ಲ.
ಅದರ ಎದುರು ನಿಂತ ಹಾಗೆ ಎಡಕ್ಕೆ ತಿರುಗಿಸಿ."
ನಿನ್ನೆ ಪೆನ್ಷನ್ ಮೊಹಲ್ಲದ ಶೆಡ್ಡಿನಲ್ಲಿ ಜಬೀವುಲ್ಲಾ.
ಒಂದು ಗಿರಾಕಿ ಕೈತಪ್ಪುತ್ತಿದೆ ಎಂದು ಗೊತ್ತಿದ್ದೂ
ಎರಡು ಕಬ್ಬಿಣದ ರ‍್ಯಾಂಪು, ಹದಿನೇಳನೇ ನಂಬರಿನ ಸ್ಪ್ಯಾನರು
ತಾನೇ ಎತ್ತಿ ಡಿಕ್ಕಿಯಲ್ಲಿಟ್ಟ.
ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ, ಅಂದ.
ಇನ್ನೊಮ್ಮೆ ಅಂದ.
ಮೂರನೇ ಸಲ ಅನ್ನುವಾಗ ಮುಖದಲ್ಲಿ ನಗು ಇರಲಿಲ್ಲ.

ನಿನಗೇಕಮ್ಮ ಈ ಉಸಾಬರಿ ಎಂದವರಿಗೆಲ್ಲ
ಒಂದು ಬಿಲ್ಲು ತೋರಿಸುತ್ತೇನೆ.
ಬಿ.ಎಂ. ರಸ್ತೆಯ ಗಾಜಿನ ಶೋರೂಮಿನದು, ಹನ್ನೊಂದು ಸಾಲು.
ಮೂರು ಅರ್ಥವಾಯಿತು, ಅದರಲ್ಲೊಂದು ನನ್ನ ಹೆಸರು.
ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು
ಹಾಸನದ ಅರ್ಧ ಊರಿನ ರಕ್ತ ಓದಿದವಳು,
ನನ್ನದೇ ಗಾಡಿಯ ಚೀಟಿ ಓದಲಾರದೆ
ಕೌಂಟರಿನಲ್ಲಿ ಸುಮ್ಮನೆ ತಲೆಯಾಡಿಸಿ ಬಂದಿದ್ದೆ.

ಹತ್ತು ನಿಮಿಷ ಎಂಜಿನ್ ಬಿಸಿ ಮಾಡಿ ಆರಿಸಿದ್ದೇನೆ,
ಹಿಂದಿನ ಗಾಲಿಗೆ ಕಲ್ಲು, ಹ್ಯಾಂಡ್‌ಬ್ರೇಕು ಮೇಲೆ.
ನರ ಹುಡುಕುವ ಬೆರಳಿನಿಂದಲೇ ಬೋಲ್ಟು ಹುಡುಕಿದೆ.
ಜಗ್ಗಿದೆ. ಅಲುಗಲಿಲ್ಲ.
ಕಾಂಪೌಂಡಿನಾಚೆ ಹಾಲಿನವನ ಸೈಕಲ್ಲು ನಿಂತಿತು:
"ಯಾರ್ರೀ ಅದು, ಕೆಳಗೆ?"
ನಾನೇ ಕಣಪ್ಪ, ಜಲಜಾಕ್ಷಿ.
ಅವನು ನನ್ನ ಎರಡು ಕಾಲಿಗೂ ನಮಸ್ಕಾರ ಹೇಳಿ
ಅರ್ಧ ಲೀಟರು ಮೆಟ್ಟಿಲ ಮೇಲಿಟ್ಟು ಹೋದ.

ಆಮೇಲೆ ಒಂದು 'ಟಕ್'.
ಬಂತು ನೋಡಿ, ಕರಿಬೆಲ್ಲದ ಪಾಕದ ಹಾಗೆ
ಮೊದಲು ದಾರ, ಆಮೇಲೆ ಹೆಬ್ಬೆರಳ ಗಾತ್ರ,
ಮೊಣಕೈವರೆಗೂ ಬೆಚ್ಚಗೆ ಇಳಿದು
ಹಳೇ ಬಚ್ಚಲ ಬೇಸಿನ್ನಿಗೆ.
ಇಷ್ಟು ಕಪ್ಪು ಹೊತ್ತುಕೊಂಡೇ
ಆಲೂರಿನ ಕ್ಯಾಂಪಿಗೆ, ಗೊರೂರಿಗೆ,
ಒಂದು ದಿನವೂ ಉಸಿರೆತ್ತದೆ ನನ್ನನ್ನು ಸಾಗಿಸಿತಲ್ಲ ಇದು.
ಮನುಷ್ಯರಾಗಿದ್ದರೆ ರಿಪೋರ್ಟಿನ ಮೇಲೆ ಕೆಂಪು ಗೀಟೆಳೆದು
ಡಾಕ್ಟರಿಗೆ ಓಡಿಹೋಗಿ ತೋರಿಸುತ್ತಿದ್ದೆ.

ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಎಣ್ಣೆ ಸವರಿ
ಕೈಯಲ್ಲೇ ತಿರುಗಿಸಿ, ಮುಟ್ಟಿದ ಮೇಲೆ ಮುಕ್ಕಾಲು ಸುತ್ತು.
ಎರಡೂ ಮುಕ್ಕಾಲು ಲೀಟರು ಜೇನು ಬಣ್ಣದ್ದು ಸುರಿದು,
ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದೆ:
ಎರಡು ಗೀರಿನ ನಡುವೆ ಸರಿಯಾಗಿ ನಿಂತಿದೆ.
ಆ ರಾತ್ರಿ ಊಟಕ್ಕೆ ಮೊದಲು ಮೂರು ಸಲ ಕೈ ತೊಳೆದೆ,
ಮೂರು ಸಲವೂ ಮೂಸಿ ನೋಡಿಕೊಂಡೆ.

ಬೆಳಿಗ್ಗೆ ನೆಲದ ಮೇಲೆ
ಎಂಟಾಣೆಯಗಲದ ಒಂದು ಕಲೆ.

ಹತ್ತಿ ಒತ್ತಿ ಹಿಡಿಯಿರಿ, ಎರಡು ನಿಮಿಷ, ನಿಲ್ಲುತ್ತೆ,
ಎಂದು ದಿನಕ್ಕೆ ನೂರು ಜನಕ್ಕೆ ಹೇಳುತ್ತೇನೆ.
ಗಾಡಿಗೆ ಹೆಪ್ಪುಗಟ್ಟಲು ಬರುವುದಿಲ್ಲ.
ಅದರ ಗಾಯ ಯಾರೋ ಬಂದು ಮುಚ್ಚುವವರೆಗೆ ತೆರೆದೇ ಇರುತ್ತದೆ.

ಹಾಸಿದ್ದ ಪೇಪರು ಮಡಚುವಾಗ ಸಿಕ್ಕಿತು,
ವರಾನ್ವೇಷಣೆಯ ಪುಟಕ್ಕೆ ಅಂಟಿಕೊಂಡ ಪುಟ್ಟ ವಾಷರು,
ಮೂಗುತಿಯ ತಿರುಪಿಗಿಂತ ತುಸು ದೊಡ್ಡದು.
ಫೋನು ಮಾಡಿದೆ. ಆ ಕಡೆ ಸುತ್ತಿಗೆ ಸದ್ದು ನಿಂತಿತು.
"ಹೊಸ ಎಣ್ಣೆ ಚೆಲ್ಲಬೇಡಿ ಮೇಡಂ,
ಶುದ್ಧ ಪಾತ್ರೆಯಿಟ್ಟು ಹಿಡೀರಿ, ಅದೇ ಸುರೀರಿ.
ಹಳೇದು ಚರಂಡಿಗೆ ಬೇಡ, ನನಗೆ ತಂದುಕೊಡಿ."
ಸ್ವಲ್ಪ ತಡೆದು, "ನಂದು ಅಂಬಾಸಡರ್ ಆಗಿತ್ತು,
ಸಾಹುಕಾರರ ಗಾಡಿ. ಅರಸೀಕೆರೆವರೆಗೂ ಸುರಿಸಿಕೊಂಡು ಹೋಯ್ತು."

ಮತ್ತೆ ಚೀಲ ಹಾಸಿದೆ.

ಸೋಮವಾರ, ಗ್ಲೌಸಿನೊಳಗೆ ಕಪ್ಪು ಉಗುರು.
ಎಡಗೈ ಕೊಡಿ, ಅಂದೆ ಎದುರಿನ ಅಜ್ಜಿಗೆ.
ಕೊಟ್ಟರು.
ಅದು ಯಾರ ಎಡ ಎಂದು
ಒಂದು ಗಳಿಗೆ ಸೂಜಿ ಹಿಡಿದೇ ನಿಂತಿದ್ದೆ.