ಐದನೇ ಬೌಲರಿನ ಸಾಲು

ಭಾನುವಾರ ಮೊದಲ ಮ್ಯಾಚು, ಶಕ್ತಿನಗರದವರ ಜೋಡಿ.
ಇವತ್ತು ಗುರುವಾರ. ಹಟ್ಟಿ ಕ್ಯಾಂಪಿನ ಕ್ಲಬ್ಬಿನಾಗ
ಹೊಸ ಸ್ಕೋರ್ ಬುಕ್ಕಿಗೆ ಗೆರಿ ಹೊಡಕೋತ ಕುಂತೀನಿ.
ಬ್ಯಾಟಿಂಗಿನ ಚಿಂತಿ ನನಗಿಲ್ಲ,
ಹನ್ನೊಂದು ಮಂದಿಗೆ ಹನ್ನೊಂದು ಸಾಲು, ಔಟಾದಂವ ಔಟು.
ಬೌಲಿಂಗಿನ ಪುಟಕ್ಕ ಬಂದಾಗ ಮಾತ್ರ
ಪೆನ್ಸಿಲ್ ತಡೀತದ.

ಮೊದಲು ಮೌನೇಶ.
ಅಪೀಲನ್ನೂ ಬಾಯಿಬಿಟ್ಟು ಮಾಡಾಂವಲ್ಲ,
ಎರಡು ಕೈ ಎತ್ತಿ ಅಂಪೈರನ್ನ ನೋಡ್ತಾನ, ಅಷ್ಟ.
ಎರಡು ಸಾವಿರ ಅಡಿ ಕೆಳಗ ಡ್ರಿಲ್ ಹಿಡಿಯೋ ಕೈ,
ಮ್ಯಾಲ ಬಂದ ಮ್ಯಾಲೂ ನಡಗತಿರತದ.
ಆ ನಡುಕ ಬಾಲಿನ ಹೊಲಿಗಿಗೆ ಇಳಿದು
ಒಳಗ ಬರತದೋ ಹೊರಗ ಹೋಗತದೋ
ಅವಗೂ ಗೊತ್ತಿರಂಗಿಲ್ಲ.
ಆದ್ರ ನೈಟ್ ಶಿಫ್ಟ್ ಮುಗಿಸಿ ಬಂದ ದಿನ
ಬೆಳಕಿಗೆ ಕಣ್ಣು ಕೂಡಲಿಕ್ಕೆ ಮೂರು ಓವರು ಬೇಕು.
ಹೋದ ವರ್ಷ ಆ ಮೂರು ಓವರಿನಾಗ
ಸಿಂಧನೂರಿನವರು ನಲವತ್ತೊಂದು ಬಾರಿಸಿ
ಅಕ್ಕಿಚೀಲ ಹೊತ್ತಂಗ ಕಪ್ಪು ಹೊತಗೊಂಡು ಹೋದರು.

ಆದೆಪ್ಪ.
ಸರ್ವಿಸ್ ಬುಕ್ಕಿನಾಗ ಮೂವತ್ತೆಂಟು, ಮೊಣಕಾಲಿನ ಲೆಕ್ಕದಾಗ ಐವತ್ತು.
ಓಡಿ ಬರೋದು ಹನ್ನೆರಡು ಹೆಜ್ಜಿ ಇತ್ತು, ಎಂಟಾತು, ಈಗ ಐದು.
ವಿಕೆಟ್ ಕೇಳಬ್ಯಾಡ್ರಿ ಅವನ್ನ. ರನ್ ನಿಲ್ಲಿಸು ಅನ್ರಿ,
ಬಾಗಲಕ್ಕ ಅಗಳಿ ಹಾಕಿದಂಗ ಹಾಕತಾನ.

ಚಾಂದಪಾಷಾ, ಎಡಗೈ ಸ್ಪಿನ್ನು.
ಕ್ಯಾಂಟೀನಿನಾಗ ಮುಂಜಾನಿ ಇನ್ನೂರು ರೊಟ್ಟಿ ಬಡಿದು
ಸಂಜಿಗೆ ಅದ ಮಣಿಕಟ್ಟಿನಿಂದ ಬಾಲ್ ತಿರುವತಾನ.
ಒಂದು ಸಿಕ್ಸ್ ಬಿತ್ತೋ, ಮುಂದಿನ ಬಾಲೂ ರೊಟ್ಟಿನ, ಚಪ್ಪಟಿ.

ಯೆರೆಮೀಯ, ದೇವದುರ್ಗದ ಹುಡುಗ, ಅಪ್ರೆಂಟಿಸ್, ಹತ್ತೊಂಬತ್ತು.
ನಿನ್ನಿ ನೆಟ್ಟಿನಾಗ ಹದಿನೇಳು ನೋಬಾಲ್ ಎಣಿಸೀನಿ.
ಉಳಿದ ಬಾಲುಗಳನ್ನ
ಎಣಿಸೋದು ಮರತು ನೋಡಿಕೋತ ನಿಂತಿದ್ದೆ.

ಇನ್ನು ಟೀಮು ನಡೆಸಾವ್ರು.
ಮ್ಯಾನೇಜರು ವೆಲ್ಫೇರ್ ಆಫೀಸಿನ ದೇಸಾಯರು.
ಟನ್ ಕಲ್ಲು ಅರೆದ್ರ ಎರಡು ಗ್ರಾಂ ಚಿನ್ನ,
ಕ್ರಿಕೆಟ್ಟೂ ಹಂಗ ಅಂತ ವರ್ಷಾ ಭಾಷಣ ಮಾಡತಾರ.
ಕಲ್ಲಿಗೆ ಸಂಬಳ ಕೊಡಬೇಕಾಗಿಲ್ಲ, ಅದನ್ನ ಮರೀತಾರ.
ಹೈದರಾಬಾದಿನಿಂದ ಇಬ್ಬರು ಬೌಲರನ್ನ
ಮ್ಯಾಚಿಗೆ ಇಷ್ಟು ಅಂತ ತರಸೋಣ ಅನ್ನೋದು ಅವರ ಆಸಿ.

ಕೋಚು ಗದ್ದೆಪ್ಪ. ಮೂವತ್ತು ವರ್ಷ
ಶಾಫ್ಟಿನ ವೈಂಡರ್ ಓಡಿಸಿದಾಂವ.
ಹಗ್ಗದ ಆ ತುದೀಗೆ ಮಂದಿ ಅದಾರ ಅಂತ ನೆನಪಿಟ್ಟು
ಬ್ರೇಕ್ ಹಿಡದ ಕೈ; ದನಿ ಏರಸಂಗಿಲ್ಲ.
"ಬೌಲರನ್ನ ಇಳಸೋದು ಯಾರಿಗೂ ಬರತದ,
ಹೊತ್ತು ನೋಡಿ ಮ್ಯಾಲ ಎತ್ತಬೇಕಲ್ಲ" ಅಂತಾನ.
ಹೈದರಾಬಾದಿನ ಮಾತು ಬಂದ್ರ
ಎಲಿಅಡಿಕಿ ಚೀಲ ಬಿಚ್ಚತಾನ, ಅಷ್ಟ.

ಖರೇ ಹೇಳಬೇಕಂದ್ರ ಟೀಮು ಅವರಿಬ್ಬರ ಕೈಯಾಗಿಲ್ಲ.
ಶಿಫ್ಟಿನ ಹಾಳಿ ಅದನಲ್ಲ, ಅದರಾಗ ಅದ.
ಶನಿವಾರ ರಾತ್ರಿ ಮೌನೇಶ ಕೆಳಗ ಅಂತ ಬರದದ.
ಬದಲಿ ಕೇಳಿದ ಅರ್ಜಿ ದೇಸಾಯರ ಟೇಬಲ್ ಮ್ಯಾಲ,
ಹೊಳಿಯೋ ಕಲ್ಲಿನ ಹೆಂಟಿ ಒಂದರ ಬುಡಕ.

ಟೈಮ್ ಆಫೀಸಿನಾಗ ಇಪ್ಪತ್ತಾರು ವರ್ಷ ಕುಂತಾಂವ ನಾನು.
ಒಮ್ಮಿ, ಒಂದ ಒಮ್ಮಿ,
ಆದೆಪ್ಪನ ಫೈನಲ್ ಮ್ಯಾಚಿಗಂತ
ರಾತ್ರಿ ಅಳಿಸಿ ಹಗಲು ಬರದಿದ್ದೆ.
ಅವ ಆರು ವಿಕೆಟ್ ತಗೊಂಡ, ಕೆಂಪು ಶಾಯಿಯಾಗ ಬರದೀನಿ.
ಅವನ ಜಾಗಕ್ಕ ಇಳಿದಾಂವ ಹುಸೇನಪ್ಪ.
ಚಾವಣಿಯ ಕಲ್ಲು ಸಡಲಿ
ಎಡಗಾಲಿನ ಎರಡು ಬೆರಳು ಅಲ್ಲೇ ಬಿಟ್ಟು ಬಂದ.
ಯಾರಿಗೂ ತಿಳೀಲಿಲ್ಲ. ಅವಗೂ.
ಇಂದಿಗೂ ಗ್ರೌಂಡಿನ ಕಂಪೌಂಡಿಗೆ ಸೈಕಲ್ ಆನಿಸಿ
"ಆದೆಪ್ಪ ಎಷ್ಟು ತಗೊಂಡ?" ಅಂತ ಕೇಳತಾನ.

ನಾಕು ಹೆಸರು ಬರದೆ. ಐದನೇ ಸಾಲು ಖಾಲಿ.
ಪೆನ್ಸಿಲಿಂದ ಹಗೂರಕ ಹುಸೇನಪ್ಪ ಅಂತ ಬರದು ನೋಡಿದೆ.
ಅಳಿಸಿದೆ.
ಹಾಳಿ ಓರಿ ಮಾಡಿ ಹಿಡದ್ರ ಒತ್ತು ಕಾಣತದ.

ಮ್ಯಾಟಿಗೆ ನಾಕು ಮೊಳಿ ಕಮ್ಮಿ ಅದಾವ.
ಶನಿವಾರದೊಳಗ ತರಸಬೇಕು.